ಗೆರೆಗೆ ಬಾರದ ಚುಕ್ಕಿ

ಈ ಸಲದ ರಜೆಯಲ್ಲಿ ಅಂಗಡಿಗೆ ಬರುವುದಿಲ್ಲ ಎಂದು ನನ್ನ ಸೊಸೆ ಹೇಳಿದ್ದು ಊಟ ಬಡಿಸುತ್ತಾ, ಸೌಟು ಇನ್ನೂ ಕೈಯಲ್ಲಿರುವಾಗ. ಹೇಳಿ, ನನ್ನ ತಟ್ಟೆಗೆ ಬೇಳೆ ಹಾಕಿ, ಮಗನ ತಟ್ಟೆಯ ಕಡೆಗೆ ಬಾಗಿದಳು. ಮಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಏನಂದೆ?"

"ಅಂಗಡಿಗೆ ಬರಲ್ಲ ಅಂದೆ. ನಾನೂ ಮೆಣಸೂ ಗುಮ್ಮಟಕ್ಕೆ ಹೋಗ್ತೀವಿ."

ಅಂಗಡಿ ಅಂದರೆ ನಮ್ಮ ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಶುರು ಮಾಡಿದ್ದು, ಈಗ ಮಗ ನಡೆಸುತ್ತಾನೆ. ಬೇಸಿಗೆ ಬಂದರೆ ಹೋಟೆಲುಗಳು ತುಂಬುತ್ತವೆ, ಅವುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲು ಎಲ್ಲ ಮೂಟೆ ಮೂಟೆಯಾಗಿ ನಮ್ಮ ಬಾಗಿಲಿಗೆ ಬಂದು ಬೀಳುತ್ತವೆ. ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಯಾಗಿ ಬಂದ ಮೇಲೆ ಒಂದು ಬೇಸಿಗೆಯನ್ನೂ ತಪ್ಪಿಸದೆ ಕೌಂಟರಿನ ಹಿಂದೆ ನಿಂತವಳು. ಮೆಣಸು ಅವಳ ಮಗಳು, ನನ್ನ ಮೊಮ್ಮಗಳು. ಕೂಸಾಗಿದ್ದಾಗ ಅಳುವ ರಭಸಕ್ಕೆ ಕೆಂಪಗಾಗುತ್ತಿದ್ದಳೆಂದು ಇಟ್ಟ ಅಡ್ಡಹೆಸರು ಹಾಗೆಯೇ ಉಳಿದುಕೊಂಡಿತು. ಓದುವುದು ಅಮ್ಮನ ಶಾಲೆಯಲ್ಲೇ, ಅಮ್ಮನ ತರಗತಿಯಲ್ಲೇ. ಮನೆಯಲ್ಲಿ ಅಮ್ಮ, ಶಾಲೆಯಲ್ಲಿ ಮಿಸ್.

ಗುಮ್ಮಟ ಅಂದರೆ ಊರಾಚೆ ಗುಡ್ಡದ ಮೇಲಿರುವ, ನಕ್ಷತ್ರ ನೋಡುವ ವೀಕ್ಷಣಾಲಯ. ನಾವು ಬಟ್ಟೆ ಒಣಹಾಕುವ ಮಹಡಿಯಿಂದ ಅದರ ಬಿಳಿ ತಲೆ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ಅಲ್ಲಿಯವರು ಹೈಸ್ಕೂಲು ಮಕ್ಕಳನ್ನೂ ಟೀಚರುಗಳನ್ನೂ ಕರೆಸಿಕೊಂಡು ಸಂಶೋಧನೆ ಮಾಡಿಸುತ್ತಾರೆ. ಆಟದ ಸಂಶೋಧನೆಯಲ್ಲ, ನಿಜವಾದದ್ದು. ಒಂದು ಶಾಲೆಯಿಂದ ಒಬ್ಬ ವಿದ್ಯಾರ್ಥಿ, ಒಬ್ಬ ಟೀಚರು, ಜೋಡಿಯಾಗಿಯೇ ಹೋಗಬೇಕು. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೂ ಜಾಗವಿಲ್ಲ. ಮೆಣಸು ಪರೀಕ್ಷೆ ಬರೆದು ಗೆದ್ದಿದ್ದಳು. ಉಳಿದ ಟೀಚರುಗಳಿಗೆ ರಜೆ ಬಿಟ್ಟುಕೊಡುವ ಮನಸ್ಸಿರಲಿಲ್ಲ. ನನ್ನ ಸೊಸೆಗೆ ಇತ್ತು.

ಮಗ ಆ ದಿನ ಬಹಳ ಮಾತಾಡಿದ. ನಕ್ಷತ್ರ ಎಲ್ಲಿಗೂ ಓಡಿ ಹೋಗುವುದಿಲ್ಲ, ಹೋಟೆಲಿನವರು ಓಡಿ ಹೋಗುತ್ತಾರೆ ಅಂದ. ಟೀಚರಾಗಿ ಇಷ್ಟು ವರ್ಷವಾದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತು ಕಲಿಯುವುದೇನಿದೆ ಅಂದ. ಕೊನೆಗೆ, ಅಪ್ಪನಿಗೆ ವಯಸ್ಸಾಯಿತು, ಅವರ ಊಟ ಯಾರು ನೋಡುತ್ತಾರೆ ಅಂತ ನನ್ನನ್ನೂ ಎಳೆದು ತಂದ. ನನ್ನ ಊಟ ನಾನೇ ಮಾಡಿಕೊಳ್ಳುತ್ತೇನೆ, ನಿನ್ನದನ್ನೂ ಮಾಡುತ್ತೇನೆ ಅಂದೆ. ಅವನು ನನ್ನನ್ನು ನೋಡಿದ ನೋಟ, ತೊಳೆದ ಬಟ್ಟೆ ಮತ್ತೆ ಕೊಳೆಯಾಗಿದ್ದು ಕಂಡವನ ಹಾಗಿತ್ತು.

"ರಜೆ ನಂದು ರೀ," ಅಂದಳು ಸೊಸೆ. "ಇಷ್ಟು ವರ್ಷ ಕೇಳಿದ್ರಿ, ಕೊಟ್ಟೆ. ಈ ವರ್ಷ ಕೇಳ್ಬೇಡಿ, ಕೊಡಲ್ಲ."

ಹೀಗೆ ಇಬ್ಬರೂ ಹೊರಟರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಗುಡ್ಡದ ಬಸ್ಸು ಹತ್ತುವುದು, ಸಂಜೆ ಇಳಿಯುವುದು. ನಾನು ಒಲೆಯ ಮುಂದೆ ನಿಂತೆ. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ಹಿಡಿಯಬಾರದೆಂದು ನೀರು ಹೆಚ್ಚು ಸುರಿದು ಗಂಜಿಯಾಯಿತು. ಮಗ ಎರಡನ್ನೂ ತಿಂದ. ಆಮೇಲೆ ನಾನು ಆಲೂಗಡ್ಡೆಗೆ ಇಳಿದೆ, ಅದು ಹೇಗೆ ಬೆಂದರೂ ಆಲೂಗಡ್ಡೆಯೇ. ಮಧ್ಯಾಹ್ನ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಬಟ್ಟೆ ಕೊಡುವುದೂ ನನ್ನ ಪಾಲಿಗೇ ಬಂತು.

ಗುಮ್ಮಟದಲ್ಲಿ ಮಾಡುವುದೇನು ಅಂತ ಮೆಣಸು ನನಗೆ ಸಿಪ್ಪೆ ತೆಗೆದ ಆಲೂಗಡ್ಡೆ ಇಟ್ಟೇ ತೋರಿಸಿದಳು. ರಾತ್ರಿ ದೂರದರ್ಶಕ ತಾನಾಗಿ ಫೋಟೊ ತೆಗೆದಿಡುತ್ತದೆ. ಹಗಲಿನಲ್ಲಿ ಇವರು ಕಂಪ್ಯೂಟರಿನ ಮುಂದೆ ಕೂತು ಆ ಫೋಟೊ ಅಳೆಯುತ್ತಾರೆ. ನಡುವಿನ ಆಲೂಗಡ್ಡೆ ಇವರ ನಕ್ಷತ್ರ. ಅದು ಕೆಲವು ದಿನ ಮಂಕಾಗಿ, ಕೆಲವು ದಿನ ಬೆಳಗುತ್ತದೆ. ಅಕ್ಕಪಕ್ಕದ ಎರಡು ಬದಲಾಗದ ನಕ್ಷತ್ರಗಳು. ಅವುಗಳ ಪಕ್ಕ ಇಟ್ಟು ನೋಡಿ, ನಡುವಿನದು ಇವತ್ತು ಎಷ್ಟು ಬೆಳಗಿದೆ ಎಂದು ಒಂದು ಅಂಕಿ ಹೇಳಬೇಕು. ದಿನದ ಅಂಕಿ ದಿನಕ್ಕೊಂದು ಚುಕ್ಕಿಯಾಗುತ್ತದೆ, ಚುಕ್ಕಿಗಳೆಲ್ಲ ಸೇರಿ ಒಂದು ಬಾಗಿದ ಗೆರೆಯಾಗುತ್ತದೆ.

"ಅದ್ರಲ್ಲಿ ಏನು ಮಹಾ ಅಂತೀಯಲ್ಲ ತಾತ, ಮಹಾ ಇರೋದು ಇಲ್ಲಿ," ಅಂದಳು. "ಒಂದೇ ಫೋಟೊನ ನಾನೊಂದು ಕೋಣೇಲಿ ಅಳೀತೀನಿ, ಅಮ್ಮ ಇನ್ನೊಂದು ಕೋಣೇಲಿ ಅಳೀತಾಳೆ. ಅವಳ ಅಂಕಿ ನಾನು ನೋಡಂಗಿಲ್ಲ, ನನ್ನದು ನೋಡಿ ಅವಳು ತನ್ನದು ಬರೆಯಂಗಿಲ್ಲ."

ನಾನು ಏನೂ ಅಂದಿರಲಿಲ್ಲ. ಆದರೂ ತಲೆಯಾಡಿಸಿದೆ.

ವಾರ ಮುಗಿದಾಗ ಇಬ್ಬರ ಅಂಕಿಗಳನ್ನೂ ಇದ್ದ ಹಾಗೆ ಸೇರಿಸಿ ಅಲ್ಲಿ ಇದನ್ನೆಲ್ಲ ನಡೆಸುವ ಮೇಡಂಗೆ ಕಳಿಸುವ ಹೊಣೆ ಟೀಚರದು. ಶನಿವಾರ ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಇಬ್ಬರದೂ ಹೊಂದಿದರೆ ಆ ನಕ್ಷತ್ರ ಎಲ್ಲ ಶಾಲೆಗಳೂ ಸೇರಿ ಮಾಡುವ ವರದಿಗೆ ಹೋಗುತ್ತದೆ. ಹೊಂದದಿದ್ದರೆ ಹೊರಗೆ ಉಳಿಯುತ್ತದೆ.

ಎರಡನೆಯ ವಾರದ ಶನಿವಾರ ಸೊಸೆ ನಗುತ್ತಾ ಬಸ್ಸು ಇಳಿದಳು. ಎಲ್ಲ ಜೋಡಿಗಳಲ್ಲಿ ಇವರದೇ ಅಂಕಿ ಹೆಚ್ಚು ಹೊಂದಿತೆಂದು ಮೇಡಂ ಇವರ ಗೆರೆಯನ್ನು ಗೋಡೆಗೆ ಹಚ್ಚಿ ತೋರಿಸಿದ್ದರಂತೆ. ನಕ್ಷತ್ರ ವರದಿಗೆ ಸೇರಿದ ಟೀಚರುಗಳನ್ನು ಮುಂದಿನ ಬೇಸಿಗೆ ಮಾರ್ಗದರ್ಶಕರನ್ನಾಗಿ ಕರೆಯುತ್ತಾರಂತೆ, ಅವರ ಶಾಲೆಗೆ ಒಂದು ಸಣ್ಣ ದೂರದರ್ಶಕವನ್ನೂ ಕೊಡುತ್ತಾರಂತೆ. ಶಾಲೆಯ ಮಹಡಿಯ ಮೇಲೆ ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ತನಕ ಅವಳ ಮಾತು ಹೋಯಿತು. ಮೆಣಸು ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋದಳು. ಊಟಕ್ಕೆ ಕೂತ ಮೇಲೆ ಬಾಯಿ ತೆರೆದಳು.

"ಅಮ್ಮ, ಮಂಗಳವಾರದ ನನ್ನ ಅಂಕಿ ಬದಲಾಯಿಸಿದ್ದು ಯಾರು?"

"ನಾನೇ," ಅಂದಳು ಸೊಸೆ, ಉಪ್ಪು ಹಾಕಿದ್ದು ಯಾರು ಎಂದರೆ ಹೇಳುವ ಹಾಗೆ. "ಗೆರೆಯಿಂದ ಎಷ್ಟು ಕೆಳಗೆ ಬಿದ್ದಿತ್ತು ಗೊತ್ತಾ? ಎಲ್ಲೋ ಕೈ ತಪ್ಪಿರುತ್ತೆ. ಸರಿ ಮಾಡಿ ಕಳಿಸಿದೆ."

"ಕೈ ತಪ್ಪಿರಲಿಲ್ಲ. ಮತ್ತೆ ಮತ್ತೆ ಅಳೆದಿದ್ದೆ."

"ಹಾಗಾದ್ರೆ ಮತ್ತೆ ಮತ್ತೆ ತಪ್ಪು ಅಳೆದಿದೀಯ."

ಅವಳ ಮನಸ್ಸಿನಲ್ಲಿ ಅದು ಮುಚ್ಚಿಡುವ ಕೆಲಸವೇ ಆಗಿರಲಿಲ್ಲ. ಶಾಲೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಮಕ್ಕಳ ಅಂಕಿಗಳನ್ನು ಪುಸ್ತಕದ ಉತ್ತರದ ಹತ್ತಿರಕ್ಕೆ ತಳ್ಳುವುದು ಅವಳ ಅಭ್ಯಾಸ. ಅಲ್ಲಿಯ ಎಲ್ಲ ಟೀಚರುಗಳೂ ಮಾಡುತ್ತಾರೆ. ಪಾಪದ ಮಕ್ಕಳು, ಒಂದು ಅಂಕಿಗೆ ಯಾಕೆ ನಪಾಸಾಗಬೇಕು ಅನ್ನುವ ಕರುಣೆ. ಆ ಕರುಣೆಯನ್ನೇ ಮಗಳ ಮೇಲೂ ತೋರಿಸಿದ್ದಳು. ಇದನ್ನೆಲ್ಲ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಹೇಳಿದಷ್ಟೂ ಮೆಣಸಿನ ಮುಖ ಕೆಂಪೇರಿತು.

"ನಿನ್ನ ಮಾನ ಉಳಿಸಿದೆ ಕಣೇ ನಾನು."

"ನನ್ನ ಮಾನ ನಾನು ನೋಡ್ಕೋತೀನಿ. ನನ್ನ ಪೇಪರ್ ತಿದ್ದೋ ಹಾಗೆ ಆಕಾಶಾನೂ ತಿದ್ದಿದೀಯ. ನನ್ನ ಅಂಕಿ ವಾಪಸ್ ಬರೋ ತನಕ ನಾನು ಗುಮ್ಮಟಕ್ಕೆ ಬರಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ ನನ್ನ ಮಗ, ತಟ್ಟೆಯಿಂದ ತಲೆ ಎತ್ತದೆ. ನೂಲಿನಂತೆ ಸೀರೆ ಅಂತಲೂ ಸೇರಿಸಿದ. ಇಬ್ಬರೂ ಅವನನ್ನು ದುರುಗುಟ್ಟಿ ನೋಡಿದರು. ಆ ಊಟದಲ್ಲಿ ಅವರಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಸೋಮವಾರ ಬಸ್ಸು ಇಬ್ಬರನ್ನೂ ಬಿಟ್ಟು ಹೋಯಿತು. ಮೆಣಸು ಕೆಳಗಿಳಿದು ಇಸ್ತ್ರಿ ಮೇಜಿನ ಮುಂದೆ ನಿಂತಳು. ಜೋಡಿ ಮುರಿದ ಮೇಲೆ ಸೊಸೆಗೂ ಅಲ್ಲಿ ಕೆಲಸವಿಲ್ಲ, ಅವಳು ಕೌಂಟರಿಗೆ ಬಂದಳು. ಹೋಟೆಲಿನ ಮೂಟೆಗಳು ಸರಸರನೆ ಕರಗಿದವು. ಮಗ ಒಂದೆರಡು ದಿನ ಸಿಳ್ಳೆ ಹಾಕುತ್ತಾ ಓಡಾಡಿದ.

ಆದರೆ ಮೇಲೆ ಮನೆಯಲ್ಲಿ ಬೇರೆಯೇ ನಡೆದಿತ್ತು. ಮೆಣಸು ಅಮ್ಮನನ್ನು ಅಮ್ಮ ಅನ್ನುವುದನ್ನು ಬಿಟ್ಟಿದ್ದಳು. "ಮಿಸ್, ಆ ಪಾತ್ರೆ ಸ್ವಲ್ಪ ಈ ಕಡೆ ಕೊಡಿ," ಅನ್ನುವಳು. "ಮಿಸ್, ದೀಪ ಆರಿಸ್ಲಾ?" ಅನ್ನುವಳು. ಧ್ವನಿಯಲ್ಲಿ ಒಂದು ಎಳೆಯಷ್ಟೂ ಅಗೌರವವಿಲ್ಲ. ಸೊಸೆ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಇಡುವಳು. ಮಗನಿಗೆ ಮೊದಮೊದಲು ನಗು ಬಂತು, ಆಮೇಲೆ ಅನ್ನ ಇಳಿಯುವುದು ಕಷ್ಟವಾಯಿತು. ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡು, ಇದು ಮನೆಯೋ ಇನ್ನೇನೋ ಅಂತ ಗೊಣಗಿದ.

ಒಂದು ಮಧ್ಯಾಹ್ನ ಮಗಳ ಹತ್ತಿರ ಹೋಗಿ, ಒಂದು ಅಂಕಿ ತಾನೆ, ಬಿಟ್ಟುಬಿಡು ಅಂದ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

"ಅಪ್ಪ, ನಾನು ಮಡಿಸಿದ ಬಟ್ಟೇನ ನೀನು ಬಿಚ್ಚಿ ಮತ್ತೆ ಮಡಿಸು, ನಂಗೇನೂ ಇಲ್ಲ. ಬಟ್ಟೆ ನಿಂದು. ಆ ಅಂಕಿ ನಂದು."

ಅಲ್ಲಿಂದ ಅವನು ಹೆಂಡತಿಯ ಹತ್ತಿರ ಬಂದ. ದೊಡ್ಡವಳು ನೀನು, ಒಂದು ಮಾತು ಹೇಳಿ ಮುಗಿಸು ಅಂದ. ಅವಳು ಗಿರಾಕಿಯೊಬ್ಬನ ಕೋಟಿಗೆ ಚೀಟಿ ಸಿಕ್ಕಿಸುತ್ತಿದ್ದಳು.

"ಇಬ್ರೂ ನಿಮ್ಮ ಅಂಗಡೀಲೇ ಇದೀವಲ್ಲ ರೀ. ಸಂತೋಷ ತಾನೆ?"

ಮಗ ಹಿಂದಿನ ಕೋಣೆಗೆ ಹೋಗಿ ತೊಳೆಯುವ ಯಂತ್ರವನ್ನು ಖಾಲಿಯೇ ಓಡಿಸಿಬಿಟ್ಟ. ಅದರ ಸದ್ದು ಬೀದಿಗೆಲ್ಲ ಕೇಳಿಸಿತು.

ಆ ಸಂಜೆ ಸೊಸೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ಮಗಳ ಅಂಕಿ ನಿಜವಾಗಿಯೂ ತಪ್ಪೇನಮ್ಮ ಎಂದು ಕೇಳಿದೆ. ತಪ್ಪೇ ಮಾವ, ಅನುಮಾನವೇ ಇಲ್ಲ ಅಂದಳು. ಆ ಮಂಗಳವಾರ ನಕ್ಷತ್ರ ಅಷ್ಟೊಂದು ಮಂಕಾಗುವುದಕ್ಕೆ ಕಾರಣವೇ ಇಲ್ಲವಂತೆ.

"ತಪ್ಪಿದ್ರೆ ತಪ್ಪು ಅಂತ ಆ ಮೇಡಂ ಹೇಳ್ತಿರ್ಲಿಲ್ವಾ?" ಅಂದೆ.

"ನಿಮಗೆ ಅದೆಲ್ಲ ಗೊತ್ತಾಗಲ್ಲ ಮಾವ."

ನಿಜ, ನನಗೆ ಗೊತ್ತಾಗುವ ವಿಷಯವಲ್ಲ. ನಾನು ಸುಮ್ಮನೆ ಕೈ ಚಾಚಿ ಮುಂದಿನ ಪಾತ್ರೆಗೆ ಕಾದೆ. ಅದು ಬರಲಿಲ್ಲ. ಅವಳು ತೊಳೆದಿಟ್ಟದ್ದನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದಳು.

ಮರುದಿನ ಅವಳು ಯಾರಿಗೂ ಹೇಳದೆ ಗುಡ್ಡದ ಬಸ್ಸು ಹತ್ತಿದಳು. ಹಿಂತಿರುಗಿದಾಗ ಅಂಗಡಿಯಲ್ಲಿ ಜನವಿತ್ತು. ಕೌಂಟರು ದಾಟಿ ಸೀದಾ ಇಸ್ತ್ರಿ ಮೇಜಿನ ಹತ್ತಿರ ಹೋಗಿ, ಗಿರಾಕಿಗಳಿಗೆಲ್ಲ ಕೇಳುವ ಹಾಗೆಯೇ ಹೇಳಿದಳು.

"ಮೇಡಂಗೆ ಹೇಳಿ ಬಂದೆ. ನಿನ್ನ ಅಂಕಿ ಬದಲಾಯಿಸಿದ್ದು ನಾನು ಅಂತ."

ಇಸ್ತ್ರಿ ನಿಲ್ಲಲಿಲ್ಲ. "ಏನಂದ್ರು?"

"ಬೈದ್ರು. ಸಣ್ಣಪುಟ್ಟ ಬೈಗುಳ ಅಲ್ಲ. ಆ ಫೋಟೊನ ಇಬ್ರೂ ಮತ್ತೆ ಹೊಸದಾಗಿ ಅಳೀಬೇಕಂತೆ. ಈ ಸಲ ಅಂಕಿ ಅವರೇ ಇಸ್ಕೋತಾರಂತೆ, ನನ್ನ ಕೈಗೆ ಕೊಡಲ್ಲ."

"ನೀನೇನಂದೆ?"

"ಅವಳು ಬಂದ್ರೆ ಬರ್ತೀನಿ ಅಂದೆ."

ಮೆಣಸು ಆ ಹಾಸಿಗೆ ಬಟ್ಟೆಯನ್ನು ಪೂರ್ತಿ ಮುಗಿಸಿ, ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಇಸ್ತ್ರಿ ಆರಿಸಿದಳು. ನಾಳೆ ಡಬ್ಬಿಗೆ ಏನು ಎಂದು ನನ್ನನ್ನು ಕೇಳಿದಳು. ಆಲೂಗಡ್ಡೆ ಅಂದೆ.

ಮತ್ತೆ ಅಳೆದರು, ಬೇರೆ ಬೇರೆ ಕೋಣೆಗಳಲ್ಲಿ. ಸೊಸೆಗೆ ಅವಳ ಮೊದಲಿನ ಅಂಕಿಯೇ ಬಂತು. ಮೆಣಸಿಗೆ ಅವಳದೇ ಬಂತು. ಮೇಡಂ ಫೋಟೊವನ್ನು ತಾವೂ ನೋಡಿದರಂತೆ. ತೆಳು ಮೋಡ ಅಡ್ಡ ಬಂದಿರಬಹುದು, ಹುಡುಗಿ ಅಳೆಯುವ ರೀತಿಯಲ್ಲೇ ದೋಷವಿರಬಹುದು, ನಕ್ಷತ್ರವೇ ಏನಾದರೂ ಮಾಡಿರಬಹುದು, ಈಗಲೇ ಹೇಳಲಾಗದು ಅಂದರಂತೆ. ಹೊಂದದ ಅಂಕಿಗೆ ಅಲ್ಲಿ ಒಂದು ಕ್ರಮವಿದೆ. ಇಬ್ಬರಲ್ಲಿ ಒಬ್ಬರು ತಮ್ಮ ಅಂಕಿಯನ್ನು ಹಿಂದಕ್ಕೆ ತೆಗೆದುಕೊಂಡರೆ ನಕ್ಷತ್ರ ವರದಿಗೆ ಹೋಗುತ್ತದೆ. ಇಬ್ಬರೂ ಬಿಡದಿದ್ದರೆ ಅವರ ಬೇಸಿಗೆಯ ಕೆಲಸವೆಲ್ಲ ವರದಿಯ ಹೊರಗೆ. ಕೊನೆಯ ಶನಿವಾರ ಎಲ್ಲರ ಮುಂದೆ ಜೋಡಿ ತನ್ನ ತೀರ್ಮಾನ ಹೇಳಬೇಕು.

ಅದರ ಹಿಂದಿನ ಸಂಜೆ ಮಗ ಪಂಚಾಯಿತಿಗೆ ಕೂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದ. ಟೀಚರು ದೊಡ್ಡವಳು, ಕಲಿತವಳು, ಅವಳದೇ ಇಟ್ಟುಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ, ಶಾಲೆಗೆ ದೂರದರ್ಶಕವೂ ಬರುತ್ತದೆ ಅಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೆಣಸು, ತಾನಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ಮೊದಲಿನ ಸಲದ ಹಾಗೆ ಅಮ್ಮನೇ ತೆಗೆದುಹಾಕಲಿ ಅಂದಳು. ಸೊಸೆ ಎದ್ದು ಕೈ ತೊಳೆದಳು.

ಶನಿವಾರ ಮನೆಯವರನ್ನೂ ಕರೆದಿದ್ದರು. ಹೋಟೆಲು ಕಾಲದಲ್ಲಿ ಎಂದೂ ಮುಚ್ಚದ ಅಂಗಡಿಗೆ ಮಗ ಬೀಗ ಹಾಕಿದ. ಗುಮ್ಮಟದ ಪಕ್ಕದ ಹಾಲಿನಲ್ಲಿ ಹಿಂದಿನ ಸಾಲಿನಲ್ಲಿ ಕೂತೆವು. ಜೋಡಿಗಳು ಒಂದೊಂದಾಗಿ ಬಂದು ತಮ್ಮ ಗೆರೆ ತೋರಿಸಿ, ಚಪ್ಪಾಳೆ ತೆಗೆದುಕೊಂಡು ಹೋದರು. ಬೇಸಿಗೆಯಲ್ಲೂ ಕೋಟು ಬಿಚ್ಚದ ಒಬ್ಬ ಮೇಷ್ಟ್ರು ಪ್ರತಿಯೊಬ್ಬರನ್ನೂ ಏನಾದರೊಂದು ಕೇಳುತ್ತಿದ್ದರು.

ಇವರ ಸರದಿ ಬಂತು. ಪರದೆಯ ಮೇಲೆ ಚುಕ್ಕಿಗಳ ಸಾಲು ಮೂಡಿತು. ಎಲ್ಲವೂ ಗೆರೆಯನ್ನು ಹಿಡಿದು ನಡೆದಿದ್ದವು, ಒಂದು ಮಾತ್ರ ಕೆಳಗೆ ಬಿದ್ದಿತ್ತು. ನನ್ನ ಕಣ್ಣಿಗೂ ಕಾಣುವಷ್ಟು ಕೆಳಗೆ. ಸೊಸೆ ಅದರ ಮೇಲೆ ಕೋಲು ಇಟ್ಟಳು.

"ಈ ಚುಕ್ಕಿ ಗೆರೆ ಮೇಲಿಲ್ಲ. ಮೊದಲು ನೀವು ನೋಡಿದಾಗ ಇತ್ತು. ಎಳೆದು ಕೂರಿಸಿದ್ದು ನಾನು. ಶಾಲೇಲಿ ಎಷ್ಟೋ ಮಕ್ಕಳಿಗೆ ಹೀಗೇ ಮಾಡಿದೀನಿ, ಅವರಲ್ಲಿ ಒಬ್ಬರೂ ಕೇಳ್ಲಿಲ್ಲ. ಇವಳು ಕೇಳಿದಳು. ಇದು ಇವಳು ಕಂಡ ಅಂಕಿ. ಸರಿ ಅಂತ ನಾನು ಹೇಳ್ತಿಲ್ಲ. ತಪ್ಪು ಅಂತಲೇ ನಂಗನ್ಸೋದು. ಆದ್ರೆ ಅಳಿಸಲ್ಲ. ನನ್ನದನ್ನೂ ಹಿಂದಕ್ಕೆ ತಗೊಳಲ್ಲ."

ಕೋಟು ಮೇಷ್ಟ್ರು ಎದ್ದರು. ಹಾಗಾದರೆ ನಿಮ್ಮ ನಕ್ಷತ್ರ ವರದಿಗೆ ಸೇರುವುದಿಲ್ಲವಲ್ಲ ಅಂದರು. ಸೇರದಿರಲಿ ಅಂದಳು. ದೂರದರ್ಶಕವೂ ಬರುವುದಿಲ್ಲ, ಒಂದು ಮಗುವಿನ ಹಠಕ್ಕೆ ಇಡೀ ಶಾಲೆ ಯಾಕೆ ಕಳೆದುಕೊಳ್ಳಬೇಕು ಅಂದರು. ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು.

"ಹಠ ಅವಳೊಬ್ಬಳದೇ ಅಲ್ಲ ಸಾರ್," ಅಂದಳು ಸೊಸೆ. "ಇಬ್ಬರದೂ."

ಮೇಡಂ ಮೆಣಸನ್ನು ಕೇಳಿದರು. ಹಿಂದಕ್ಕೆ ತೆಗೆದುಕೊಳ್ಳಲು ಈಗಲೂ ಅವಕಾಶವಿದೆ, ಅದರಲ್ಲಿ ಅವಮಾನವೇನಿಲ್ಲ ಅಂತ ಮೃದುವಾಗಿಯೇ ಹೇಳಿದರು.

"ಬೇಡ ಮೇಡಂ. ನಾನು ಕಂಡಿದ್ದು ಅಷ್ಟೇ."

ಹಾಲಿನಲ್ಲಿ ಚಪ್ಪಾಳೆ ಬೀಳಲಿಲ್ಲ. ಮೇಡಂ ಅವರ ಹಾಳೆಯ ತಲೆಯ ಮೇಲೆ "ಹೊಂದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು, ಉಳಿದವುಗಳ ಜೊತೆ ಸೇರಿಸದೆ ಬಾಗಿಲ ಪಕ್ಕದ ಗೋಡೆಗೆ ಹಚ್ಚಿದರು. ಹೋಗಿ ಬರುವವರೆಲ್ಲ ಅದರ ಮುಂದೆಯೇ ದಾಟಬೇಕಿತ್ತು. ಸೊಸೆ ಅದರ ಪಕ್ಕದಲ್ಲೇ ನಿಂತು ಚಹಾ ಕುಡಿದಳು. ನೋಡಿ ತಲೆಯಾಡಿಸಿದವರನ್ನು ಕಣ್ಣಿಟ್ಟು ನೋಡಿದಳು.

ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ, ನಾನೂ ಮಗನೂ ಹಿಂದೆ. ಗುಡ್ಡದ ಮೊದಲ ತಿರುವಿನಲ್ಲಿ ಮೆಣಸು ಅಮ್ಮನ ಕಡೆಗೆ ತಿರುಗಿದಳು.

"ಅಮ್ಮ, ಈಗಲೂ ನಂದು ತಪ್ಪು ಅಂತಲೇ ಅನ್ಸುತ್ತಾ ನಿಂಗೆ?"

"ತಪ್ಪೇ. ನೀನು ಪಕ್ಕದ ನಕ್ಷತ್ರಾನ ಸರಿಯಾಗಿ ಹಿಡಿದಿಲ್ಲ."

"ಹಿಡಿದಿದೀನಿ. ಮೋಡ ಇದ್ದಿದ್ರೆ ಪಕ್ಕದ ಎರಡೂ ಮಂಕಾಗ್ಬೇಕಿತ್ತಲ್ವಾ? ಆಗಿಲ್ಲ."

"ಒಂದು ಆಗಿದೆ. ನೀನು ನೋಡಿಲ್ಲ."

"ನೀನು ಗೆರೆ ನೋಡ್ಕೊಂಡು ಅಳೆದಿದೀಯ, ಫೋಟೊ ನೋಡ್ಕೊಂಡಲ್ಲ."

ಧ್ವನಿ ಏರಿತು. ಬಸ್ಸಿನವರು ತಿರುಗಿ ನೋಡಿದರು. ಮುಂದಿನ ಬೇಸಿಗೆಯೂ ಇದೇ ನಕ್ಷತ್ರವನ್ನೇ ಕೇಳಿ ತೆಗೆದುಕೊಳ್ಳೋಣ, ಮತ್ತೆ ಪರೀಕ್ಷೆ ಬರಿ, ನಿನ್ನ ತಪ್ಪನ್ನು ಅಲ್ಲೇ ತೋರಿಸುತ್ತೇನೆ ಅಂದಳು ಸೊಸೆ. ತೋರಿಸು ನೋಡೋಣ ಅಂದಳು ಮೆಣಸು. ಬಸ್ಸು ಇಳಿಯುತ್ತಾ, ನಮ್ಮ ಬೀದಿ ದಾಟುತ್ತಾ, ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಹಾದು ಮೆಟ್ಟಿಲು ಹತ್ತುತ್ತಾ ಜಗಳ ನಡೆದೇ ಇತ್ತು. ಇಬ್ಬರಲ್ಲಿ ಯಾರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ.

ಮಗ ಬೀಗದ ಕೈ ಹಿಡಿದುಕೊಂಡು ಕೆಳಗೇ ನಿಂತ.

"ಮುಂದಿನ ಬೇಸಿಗೆನೂ ಹೋಗ್ತಾರಾ ಅಪ್ಪ ಇವ್ರು?"

"ಅವರನ್ನೇ ಕೇಳು," ಅಂದೆ.

ಅವನು ಕೇಳಲಿಲ್ಲ.